ಬಾವಿ ಬಿಟ್ಟುಹೋದ ನಕ್ಷೆ

ರಜೆಗೆ ಅರಸೀಕೆರೆಗೆ ಬಂದಾಗಲೆಲ್ಲ ಟೀ ಅಂಗಡಿಯಲ್ಲಿ ಅದೇ ಪ್ರಶ್ನೆ. "ಶ್ರೀಲಂಕಾದಲ್ಲಿ ನೆಲಬಾಂಬ್ ತೆಗೆಯೋಕೆ ನಿಂಗೆ ಸಂಬಳ ಯಾರು ಕೊಡ್ತಾರೆ?"

"ನೀವೇ" ಅನ್ನುತ್ತಿದ್ದೆ.

ಎಲ್ಲರೂ ನಗುತ್ತಿದ್ದರು. ಆದರೆ ನಾನು ತಮಾಷೆಗೆ ಹೇಳಿದ್ದಲ್ಲ. 2009ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರಕ್ಕೂ ತಮಿಳು ಹುಲಿಗಳಾದ ಎಲ್‌ಟಿಟಿಇಗೂ ನಡೆದಿದ್ದ ಯುದ್ಧ ಮುಗಿಯಿತು. ಉತ್ತರದ ಊರುಗಳಿಂದ ಹೊರಬಿದ್ದ ಸುಮಾರು ಮೂರು ಲಕ್ಷ ಜನ ಶಿಬಿರಗಳಲ್ಲಿದ್ದರು. ಹೆಚ್ಚಿನವರು ವವುನಿಯಾ ಹತ್ತಿರದ ಮೆನಿಕ್ ಫಾರ್ಮ್‌ನಲ್ಲಿ. ಅವರು ವಾಪಸ್ ಊರಿಗೆ ಹೋಗಬೇಕಾದರೆ ಮೊದಲು ನೆಲ ಚೊಕ್ಕಟವಾಗಬೇಕಿತ್ತು. ಆ ಕೆಲಸಕ್ಕೆ ಭಾರತ ಸರ್ಕಾರ ತನ್ನ ಖರ್ಚಿನಲ್ಲಿ ಏಳು ತಂಡಗಳನ್ನು ಕಳಿಸಿತು. ತಂಡದಲ್ಲಿದ್ದವರಲ್ಲಿ ಬಹಳಷ್ಟು ಮಂದಿ ನನ್ನಂಥವರು. ಸೇನೆಯ ಎಂಜಿನಿಯರ್ ದಳದಿಂದ ನಿವೃತ್ತರಾದವರು. ಸಂಸ್ಥೆಗಳು ಮಾಜಿ ಸೈನಿಕರದ್ದು, ದುಡ್ಡು ದೆಹಲಿಯದ್ದು. ಅಂದರೆ ಟೀ ಅಂಗಡಿಯವನು ಕಟ್ಟುವ ತೆರಿಗೆಯಲ್ಲಿ ಒಂದು ಚೂರು ಉತ್ತರ ಲಂಕೆಯ ಕಿಲಿನೊಚ್ಚಿಯ ಮಣ್ಣಿಗೂ ಹೋಗುತ್ತಿತ್ತು.

ನಾನು ಆ ಎಂಜಿನಿಯರ್ ದಳದ ಮದ್ರಾಸ್ ಸ್ಯಾಪರ್ಸ್‌ನವನು. ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಸೆಂಟರಿನಲ್ಲಿ 1986ರಲ್ಲಿ ಸೇರಿದೆ. ಟ್ರೇನಿಂಗ್‌ನಲ್ಲಿದ್ದಾಗಲೇ ನಮ್ಮ ಹಿರಿಯರು ಭಾರತ ಲಂಕೆಗೆ ಕಳಿಸಿದ ಶಾಂತಿಪಾಲನಾ ಪಡೆಯ ಜೊತೆ ಜಾಫ್ನಾಕ್ಕೆ ಹೋದರು. 1990ರಲ್ಲಿ ಆ ಪಡೆ ಹಿಂದಿರುಗುವ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಸತ್ತಿದ್ದರು. ನನ್ನ ಸರದಿ ಬರಲಿಲ್ಲ ಅಷ್ಟೆ.

ನೆಲಬಾಂಬಿನ ಜೊತೆ ನನ್ನ ಸಹವಾಸ ಶುರುವಾದದ್ದು ನಮ್ಮ ನೆಲದಲ್ಲೇ. 2001ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಸೇನೆ ಗಡಿಗೆ ಹೋಯಿತಲ್ಲ, ಆಪರೇಷನ್ ಪರಾಕ್ರಮ್, ಆಗ ರಾಜಸ್ಥಾನದ ಗಡಿಯಲ್ಲಿ ನಾನೂ ಮೈನು ಹೂತವನೇ. ಸೇನೆಯಲ್ಲಿ ನಾವು ಮೈನು ಅಂತಲೇ ಅನ್ನುವುದು. ಸಾಸಿವೆ ಹೊಲದಲ್ಲಿ ಸಾಲಾಗಿ ಹೂತೆವು. ಆಮೇಲೆ ತಿಂಗಳುಗಟ್ಟಲೆ ಕೂತು ತೆಗೆದೆವು. ನಾವೇ ಹೂತದ್ದು, ನಕ್ಷೆ ನಮ್ಮ ಕೈಯಲ್ಲೇ ಇತ್ತು, ಆದರೂ ಕೆಲವು ಇಟ್ಟ ಜಾಗದಲ್ಲಿ ಸಿಗಲಿಲ್ಲ. ಮರಳು ಸರಿದಿತ್ತು. ನಮ್ಮ ಹುಡುಗನೊಬ್ಬನ ಪಾದ ಹೋಯಿತು. ಕಾಗದದ ಮೇಲಿನ ಗೆರೆಯನ್ನು ನಾನು ಪೂರ್ತಿ ನಂಬುವುದನ್ನು ಬಿಟ್ಟದ್ದು ಅಲ್ಲಿಂದ.

2008ರಲ್ಲಿ ಹವಾಲ್ದಾರ್ ಆಗಿ ಹೊರಬಂದೆ. ತೆಂಗಿನ ತೋಟ, ನುಸಿ ಕಾಟ, ಬೋರ್‌ವೆಲ್ ಸಾಲ. ಹಳೇ ಸುಬೇದಾರ್ ಸಾಬ್ ಒಬ್ಬರು ಫೋನ್ ಮಾಡಿದರು. "ಲಂಕಾಕ್ಕೆ ಬರ್ತೀಯೇನೋ? ಮೈನು ತೆಗೆಯೋ ಕೆಲಸ." ಹೆಂಡತಿ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಚಟ್ನಿಪುಡಿ ಕುಟ್ಟಲು ಕೂತಳು. ಒಪ್ಪಿಗೆ ಅಂತ ಅರ್ಥ ಮಾಡಿಕೊಂಡೆ.

ಅಲ್ಲಿ ಹೋದ ಕೂಡಲೇ ಹೊಲಕ್ಕೆ ಇಳಿಸಲಿಲ್ಲ. ಮೊದಲು ಮೆಡಿಕಲ್, ವಿಮೆ, ಆಮೇಲೆ ಮತ್ತೆ ಟ್ರೇನಿಂಗ್, ಕೊನೆಗೆ ಪರೀಕ್ಷೆ. ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದವನಿಗೆ ಇದ್ಯಾಕೆ ಅನ್ನಿಸಿತ್ತು. ಯಾಕೆಂದು ಒಂದೇ ವಾರದಲ್ಲಿ ಗೊತ್ತಾಯಿತು. ಸೇನೆಯಲ್ಲಿ ಮೈನು ತೆಗೆಯುವುದು ದಾರಿ ಮಾಡಿಕೊಳ್ಳಲು. ಟ್ಯಾಂಕ್ ದಾಟಬೇಕು, ಜವಾನ ದಾಟಬೇಕು, ಬೇಗ ಆಗಬೇಕು. ಆಚೀಚೆ ಉಳಿದದ್ದು ಉಳಿಯಲಿ. ಇಲ್ಲಿ ಹಾಗಲ್ಲ. ನಾಳೆ ಅದೇ ಮಣ್ಣಿನಲ್ಲಿ ಮಗು ಅಂಬೆಗಾಲಿಡುತ್ತದೆ. ಒಂದೂ ಉಳಿಯುವಂತಿಲ್ಲ. ಅವಸರ ಮಾಡುವವನನ್ನು ಸೀದಾ ಮನೆಗೆ ಕಳಿಸುತ್ತಾರೆ.

ನಮಗೆ ಕೊಟ್ಟ ಜಾಗ ಪರಂತನ್ ಹತ್ತಿರದ ಒಂದು ಹಳ್ಳಿ. ಜಾಫ್ನಾಕ್ಕೆ ಹೋಗುವ ಎ9 ರಸ್ತೆಯಿಂದ ಒಳಗೆ. ಬರುವಾಗ ದಾರಿಯಲ್ಲಿ ಕಿಲಿನೊಚ್ಚಿಯ ದೊಡ್ಡ ನೀರಿನ ಟ್ಯಾಂಕ್ ಮಗುಚಿ ಬಿದ್ದಿತ್ತು. ತಾಳೆಮರಗಳಿಗೆ ತಲೆ ಇರಲಿಲ್ಲ. ಶೆಲ್ ಬಿದ್ದು ಕತ್ತರಿಸಿಹೋಗಿ, ಬರೀ ಕಂಬ ನೆಟ್ಟಂತೆ ಸಾಲಾಗಿ ನಿಂತಿದ್ದವು. ತೆಂಗಿನ ಸೀಮೆಯವನಾದ ನನಗೆ ಮನೆಗಳ ಗೋಡೆಗಿಂತ ಅದನ್ನು ನೋಡಿಯೇ ಜಾಸ್ತಿ ಸಂಕಟವಾಯಿತು.

ಕೆಲಸ ಹೇಗೆ ಅಂದರೆ, ಸಿನಿಮಾದಲ್ಲಿ ನೋಡಿದ ಹಾಗೆ ಏನೂ ಇಲ್ಲ. ಬೆಳಿಗ್ಗೆ ಆರಕ್ಕೆ ಶುರು, ಬಿಸಿಲು ನೆತ್ತಿಗೆ ಬಂದು ಇಳಿಯುವ ಮೊದಲೇ ಬಂದ್. ಮುಖಕ್ಕೆ ದಪ್ಪ ಪ್ಲಾಸ್ಟಿಕ್ ಪರದೆ, ಎದೆಗೆ ಭಾರದ ಏಪ್ರನ್. ಆಂಬುಲೆನ್ಸ್ ಮತ್ತು ಮೆಡಿಕ್ ಬಂದು ನಿಲ್ಲದೆ ಯಾರೂ ಒಂದು ಹೆಜ್ಜೆ ಇಡುವಂತಿಲ್ಲ. ಒಂದು ಮೀಟರ್ ಅಗಲದ ಓಣಿ. ಅದರಲ್ಲಿ ಒಬ್ಬನೇ. ಪಕ್ಕದವನು ದೂರದಲ್ಲಿ, ಮಾತಿಗೂ ಸಿಗುವುದಿಲ್ಲ.

ಮೆಟಲ್ ಡಿಟೆಕ್ಟರ್ ಇದೆಯಲ್ಲ ಅಂತ ಕೇಳುತ್ತೀರಿ. ಅಲ್ಲಿ ಅದರ ಆಟ ಹೆಚ್ಚು ನಡೆಯುತ್ತಿರಲಿಲ್ಲ. ಆ ನೆಲದ ತುಂಬ ಗುಂಡಿನ ಖಾಲಿ ಕೋಶ, ಶೆಲ್ ಚೂರು. ಯಂತ್ರ ಹೆಜ್ಜೆಗೊಮ್ಮೆ ಕಿರುಚುತ್ತಿತ್ತು. ಸಿಗಬೇಕಾದ ಮೈನಿನಲ್ಲೋ ಲೋಹವೇ ಇಲ್ಲದಷ್ಟು ಕಡಿಮೆ. ಪಿ4 ಅಂತ, ಬೂಟ್ ಪಾಲಿಶ್ ಡಬ್ಬಿಯಷ್ಟು ದೊಡ್ಡದು, ಪ್ಲಾಸ್ಟಿಕ್ಕಿನದು. ತಯಾರಾದದ್ದು ಪಾಕಿಸ್ತಾನದಲ್ಲಿ, ಹೂತದ್ದು ಲಂಕೆಯಲ್ಲಿ, ತೆಗೆಯುವವನು ಅರಸೀಕೆರೆಯವನು! ಅದನ್ನೇ ನೋಡಿ ಎಲ್‌ಟಿಟಿಇಯವರು ತಮ್ಮದೇ ಒಂದು ಮಾಡಿಕೊಂಡಿದ್ದರು. ಅದಕ್ಕೆ ರಂಗನ್ ಅಂತ ಹೆಸರು. ಒಳಗೆ ಮದ್ದು ಇನ್ನೂ ಜಾಸ್ತಿ. ಪಿ4 ಪಾದ ತೆಗೆದರೆ ರಂಗನ್ ಮೊಣಕಾಲಿನವರೆಗೂ ಬರುತ್ತಿತ್ತು.

ಹಾಗಾಗಿ ಅಲ್ಲಿ ಹೆಚ್ಚಾಗಿ ನಂಬಿದ್ದು ರೇಕನ್ನು. ತೋಟದಲ್ಲಿ ಎಲೆ ಗುಡಿಸುವ ಹಲ್ಲಿನ ಸಲಕರಣೆ ಇರುತ್ತದಲ್ಲ, ಅದೇ, ಸ್ವಲ್ಪ ಉದ್ದ ಹಿಡಿಯದು. ಗಟ್ಟಿ ಮಣ್ಣಿಗೆ ಭಾರದ್ದೊಂದು, ಸಡಿಲ ಮಣ್ಣಿಗೆ ಹಗುರವಾದದ್ದೊಂದು. ನಮ್ಮಲ್ಲಿ ರಾಗಿ ಹೊಲಕ್ಕೆ ಹಲುಬೆ ಹೊಡೆಯುತ್ತಾರೆ, ಹಲ್ಲು ಮಣ್ಣಿಗಿಳಿದರೆ ಸಾಕು ಅಂತ. ಇಲ್ಲಿ ನಿಗದಿಯಾದ ಆಳದವರೆಗೆ ಮಣ್ಣನ್ನೇ ಪೂರ್ತಿ ಕೆರೆದು ಹಿಂದಕ್ಕೆ ಹಾಕಬೇಕು. ಮೈನಿನ ಜೀವ ಅದರ ನೆತ್ತಿಯಲ್ಲಿರುತ್ತದೆ, ಅಲ್ಲಿ ಒತ್ತಿದರೆ ಸಿಡಿಯುವುದು. ರೇಕಿನ ಹಲ್ಲು ಪಕ್ಕದಿಂದ, ಕೆಳಗಿನಿಂದ ತಾಗಿದರೆ ಅದು ಸುಮ್ನೆ ಮಣ್ಣಿನ ಜೊತೆ ಉರುಳಿ ಬರುತ್ತದೆ. ಸಾಮಾನ್ಯವಾಗಿ. ಆ "ಸಾಮಾನ್ಯವಾಗಿ"ಗೇ ಮುಖದ ಪರದೆ.

ಬೇಸಿಗೆಯಲ್ಲಿ ನೆಲ ಇಟ್ಟಿಗೆಯಾದಾಗ ಹಿಂದಿನ ದಿನವೇ ನೀರು ಹಾಯಿಸಿ ಬಿಡುತ್ತಿದ್ದೆವು. ಹಾಗೆ ಮಾಡಿಯೂ ಒಬ್ಬನಿಗೆ ದಿನಕ್ಕೆ ಎಂಟರಿಂದ ಹತ್ತು ಚದರ ಮೀಟರ್. ಒಂದು ಅಡುಗೆಮನೆಯಷ್ಟು ಜಾಗ. ನಮ್ಮ ಪಾಲಿಗೆ ಬಂದಿದ್ದ ತುಂಡು ಸುಮಾರು ಆರು ಎಕರೆ. ಇಪ್ಪತ್ತು ಜನ, ಆರು ತಿಂಗಳು. ಸಿಕ್ಕಿದ್ದು 61 ಮೈನು. ಯಾರಿಗೂ ಏನೂ ಆಗಲಿಲ್ಲ, ಒಬ್ಬನಿಗೆ ಹಾವು ಕಚ್ಚಿದ್ದು ಬಿಟ್ಟರೆ.

ನನಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದು ತಮಿಳು ಕಲಿತಿದ್ದೆ. ಹಾಗಾಗಿ ವರದಿ ಬರೆಯುವ ಕೆಲಸ ನನ್ನ ತಲೆಗೇ ಬಂತು. ನಿಜವಾದ ಕಲಿಕೆ ಆಗಿದ್ದು ಅಲ್ಲಿ. ದುಡ್ಡು ಕೊಡುವವರಿಗೆ ಲೆಕ್ಕ ಬೇಕು, ಅದು ನ್ಯಾಯವೇ. ಆದರೆ ಲೆಕ್ಕದ ಖಾನೆಗಳು ಎರಡೇ. ಎಷ್ಟು ಚದರ ಮೀಟರ್ ಮುಗಿಯಿತು, ಎಷ್ಟು ಸಿಕ್ಕವು. ಮೈನು ಸಿಕ್ಕವು ಅಂತ ಬರೆದ ತಿಂಗಳುಗಳಲ್ಲಿ ಎಲ್ಲರಿಗೂ ಖುಷಿ. ಎರಡು ತಿಂಗಳು ಕೆರೆದು ಸೊನ್ನೆ ಬರೆದರೆ ಮೇಲಿಂದ ಫೋನ್. "ಅಲ್ಲಿ ಏನೂ ಇಲ್ಲವಾ? ಮತ್ತೆ ಯಾಕೆ ಅಲ್ಲೇ ಇದ್ದೀರಿ?" ಇಲ್ಲ ಅಂತ ಗೊತ್ತಾಗುವುದಕ್ಕೇ ಅಲ್ಲಿದ್ದೇವೆ ಸಾರ್, ಅಂತ ಹೇಳಬೇಕಿತ್ತು. ಹೇಳಲಿಲ್ಲ. "ಗೊಬ್ಬರದ ಗುಂಡಿ ಹತ್ತಿರ ಗುಂಡಿನ ಕೋಶ 340" ಅಂತ ಬರೆದು ಖಾನೆ ತುಂಬಿದೆ. ಅವು ಅಪಾಯದ್ದೇನಲ್ಲ. ಸೊನ್ನೆ ಕಾಣಬಾರದು, ಅಷ್ಟೆ.

ಭೇಟಿಗೆ ಬಂದವರೂ ಹಾಗೇ. ಒಂದು ಮೈನು ತೋರಿಸಿ, ಒಂದನ್ನು ಒಡೆದು ತೋರಿಸಿ. ತೆಗೆದದ್ದನ್ನು ದಿನದ ಕೊನೆಗೆ ಒಡೆಯುತ್ತಿದ್ದೆವು. ಅತಿಥಿಗಳು ಬರುವ ದಿನ ಮಾತ್ರ ಬೆಳಿಗ್ಗೆಯೇ ಒಡೆಯುತ್ತಿದ್ದೆವು, ಫೋಟೋಕ್ಕೆ ಬೆಳಕು ಚೆನ್ನಾಗಿರಲಿ ಅಂತ.

ಆರು ತಿಂಗಳಾದ ಮೇಲೆ ಜಾಗ ಒಪ್ಪಿಸುವ ದಿನ ಬಂತು. ಅದಕ್ಕೂ ಮೊದಲು ಬೇರೆಯವರು ಬಂದು ಅಲ್ಲೊಂದು ಇಲ್ಲೊಂದು ಚೌಕ ಆರಿಸಿ ಮತ್ತೆ ಹುಡುಕುತ್ತಾರೆ. ಒಂದು ಸಿಕ್ಕರೂ ನಮ್ಮ ಕೆಲಸ ಮೊದಲಿಂದ. ಸಿಗಲಿಲ್ಲ. ಹೊಲದ ಯಜಮಾನರು ಮೆನಿಕ್ ಫಾರ್ಮ್‌ನಿಂದ ಬಂದಿದ್ದರು. ಎಪ್ಪತ್ತರ ಆಸುಪಾಸಿನ ಮುದುಕರು. ಸರ್ಟಿಫಿಕೇಟ್ ಕೈಗೆ ಕೊಟ್ಟೆವು. ಅವರು ಅದನ್ನು ಮಡಿಚಿ ಜೇಬಿಗಿಟ್ಟುಕೊಂಡರು. ಹೊಲಕ್ಕೆ ಇಳಿಯಲಿಲ್ಲ.

"ನೀನು ಮೊದಲು ನಡಿ ತಂಬಿ" ಅಂದರು.

ಮದ್ರಾಸ್ ಸ್ಯಾಪರ್‌ಗಳನ್ನು ಇಡೀ ಸೇನೆ ತಂಬಿ ಅಂತಲೇ ಕರೆಯುತ್ತದೆ. ನಿವೃತ್ತಿಯಾದ ಮೇಲೆ ಆ ಹೆಸರು ಮತ್ತೆ ಕಿವಿಗೆ ಬಿದ್ದದ್ದು ಆವತ್ತೇ. ನಡೆದೆ. ಬೂಟು ಬಿಚ್ಚಿ ಬರಿಗಾಲಲ್ಲೇ ಮೂಲೆಯಿಂದ ಮೂಲೆಗೆ ನಡೆದೆ. ಇದು ನಮ್ಮ ಕೆಲಸದಲ್ಲಿ ರೂಢಿಯೇ. ಮಾಡಿದವನು ತನ್ನ ಕೆಲಸದ ಮೇಲೆ ತಾನೇ ಕಾಲಿಡಬೇಕು. ಮುದುಕರು ನನ್ನ ಹಿಂದೆಯೇ ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಟ್ಟು ಬಂದರು. ಪೂರ್ವದ ಅಂಚಿಗೆ ಬಂದಾಗ ಕೈ ತೋರಿಸಿದರು.

"ಬಾವಿ?"

ನಮ್ಮ ಜಾಗದ ಅಂಚಿಗೆ ನೆಟ್ಟ ಕೆಂಪು ಗೂಟದ ಸಾಲಿನ ಆಚೆ, ಮೂವತ್ತು ಹೆಜ್ಜೆ ದೂರದಲ್ಲಿ ಬಾವಿ ಇತ್ತು. ಅದು ನಮ್ಮ ನಕ್ಷೆಯಲ್ಲಿ ಇರಲಿಲ್ಲ. ಯಾರೋ ಸರ್ವೆ ಮಾಡಿದಾಗ ಪೊದೆ ಬೆಳೆದು ಕಂಡಿರಲಿಕ್ಕಿಲ್ಲ, ಅಥವಾ ಮಂಜೂರಾದ ದುಡ್ಡಿಗೆ ಗೆರೆ ಅಲ್ಲಿಗೆ ಬಂದು ನಿಂತಿರಬಹುದು. ಆರು ಎಕರೆ ಚೊಕ್ಕ. ಅದಕ್ಕೆ ನೀರು ಗೆರೆಯಾಚೆ. ಮುದುಕರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. "ಸರಿ" ಅಂತ ಹೇಳಿ ಹೊರಟರು.

ಆವತ್ತು ರಾತ್ರಿ ಟೆಂಟಿನಲ್ಲಿ ಸುಬೇದಾರ್ ಸಾಬ್ ಹತ್ತಿರ ಜಗಳ ಮಾಡಿದೆ. ನಾಳೆಯೇ ನಾಲ್ಕು ಜನ ಹೋಗಿ ಮುಗಿಸೋಣ ಅಂದೆ. ಅವರು ತಲೆ ಅಲ್ಲಾಡಿಸಿದರು. ಗೆರೆಯ ಆಚೆ ಒಬ್ಬನ ಕಾಲು ಹೋದರೆ ವಿಮೆ ಇಲ್ಲ, ಆಂಬುಲೆನ್ಸಿಗೆ ಅನುಮತಿ ಇಲ್ಲ, ತಂಡದ ಮಾನ್ಯತೆಯೇ ರದ್ದು. ಅವರು ಹೇಳಿದ್ದು ಸರಿ. ಈಗಲೂ ಸರಿ ಅನ್ನುತ್ತೇನೆ. ಆದರೆ ಆ ರಾತ್ರಿ ಊಟ ಸೇರಲಿಲ್ಲ.

ಅರ್ಜಿ ಬರೆದೆ. ಹೊಸ ನಕ್ಷೆ, ಹೆಚ್ಚುವರಿ 900 ಚದರ ಮೀಟರ್, ಕಾರಣ ಒಂದು ಸಾಲು: ಕುಡಿಯುವ ನೀರು ಮತ್ತು ಬೇಸಾಯ. ಅದು ಎಲ್ಲೆಲ್ಲಿ ನಿಂತಿತು, ಯಾರ ಮೇಜಿನ ಮೇಲೆ ಮಲಗಿತು ಅಂತ ಹೇಳುವುದು ಬೇಡ. ಒಂದು ಕಡೆ ಖರ್ಚಿನ ತಲೆಬರಹ ಬೇರೆ ಅಂದರು. ಇನ್ನೊಂದು ಕಡೆ ಮುಂದಿನ ಹಂತದಲ್ಲಿ ನೋಡೋಣ ಅಂದರು. ನಾನು ಲೆಕ್ಕ ಹಾಕಿ ಕಳಿಸಿದೆ: ಇಪ್ಪತ್ತು ಜನಕ್ಕೆ ಐದು ದಿನದ ಕೆಲಸ. ಒಪ್ಪಿಗೆ ಬರಲು ಮೂರು ತಿಂಗಳಾಯಿತು. ಅಷ್ಟರಲ್ಲಿ ಮುದುಕರ ಕುಟುಂಬ ಹಳೇ ಗೋಡೆಗೆ ತಗಡು ಹೊದಿಸಿ ವಾಸಕ್ಕೆ ಬಂದಿತ್ತು. ನೀರಿಗೆ ಅರ್ಧ ಗಂಟೆ ಸೈಕಲ್ ತುಳಿಯುತ್ತಿದ್ದರು.

ಕೆಲಸ ಐದೇ ದಿನದಲ್ಲಿ ಮುಗಿಯಿತು. ಸಿಕ್ಕಿದ್ದು ಸೊನ್ನೆ. ಬಾವಿಯೊಳಗೆ ಮಾತ್ರ ತುಕ್ಕು ಹಿಡಿದ ಪೆಟ್ಟಿಗೆಗಳಿದ್ದವು, ಖಾಲಿ. ವರದಿಯಲ್ಲಿ ಈ ಸಲ ಕೋಶಗಳ ಲೆಕ್ಕ ಬರೆಯಲಿಲ್ಲ. ಸೊನ್ನೆ ಅಂತಲೇ ಬರೆದೆ. ಫೋನ್ ಬಂತು. ನಾನು ಎತ್ತಲಿಲ್ಲ.

ಇನ್ನು ಕಾಲಿನ ವಿಷಯ.

ನಮ್ಮ ಕ್ಯಾಂಪಿನಲ್ಲಿ ಅಡುಗೆಗೆ ಒಬ್ಬ ಅಕ್ಕ ಇದ್ದರು. ಮೂವತ್ತೈದರ ಒಳಗಿನ ವಯಸ್ಸು, ನನಗಿಂತ ಚಿಕ್ಕವರೇ, ಆದರೂ ಎಲ್ಲರಿಗೂ ಅಕ್ಕ. ಯುದ್ಧದ ಕೊನೆಯ ತಿಂಗಳುಗಳಲ್ಲಿ ಓಡಿಹೋಗುವಾಗ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಕಂಕುಳಲ್ಲಿ ಊರುಗೋಲು, ಒಂದೇ ಕಾಲಲ್ಲಿ ನಿಂತು ನಲವತ್ತು ಜನಕ್ಕೆ ಅನ್ನ ಬಸಿಯುತ್ತಿದ್ದರು. ಒಲೆ ನೆಲದ ಮೇಲಿನದು. ಬಗ್ಗಲು ಆಗದೆ, ಕುಕ್ಕರಗಾಲಲ್ಲಿ ಕೂರಲೂ ಆಗದೆ, ಮಣ್ಣಿಗೆ ಒರಗಿ ಕೂತು ಒಲೆ ಊದುತ್ತಿದ್ದರು. ನಾವು ಕಲ್ಲಿಟ್ಟು ಒಲೆ ಎತ್ತರ ಮಾಡಿಕೊಟ್ಟೆವು. ಅಷ್ಟೇ ನಮ್ಮ ಕೈಲಾದದ್ದು.

2010ರಲ್ಲಿ ವವುನಿಯಾದಲ್ಲಿ ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕುವ ಶಿಬಿರ ನಡೆಯಿತು. ಅದೂ ಭಾರತದ ನೆರವೇ. ಜೈಪುರದಿಂದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯವರು ಬಂದಿದ್ದರು. ಆ ಕಾಲಿನ ಕಥೆ ನನಗೆ ಇಷ್ಟ. 1960ರ ದಶಕದ ಕೊನೆಗೆ ಜೈಪುರದ ಎಸ್‌ಎಂಎಸ್ ಆಸ್ಪತ್ರೆಯಲ್ಲಿ ರಾಮಚಂದ್ರ ಶರ್ಮಾ ಎಂಬ ಕುಶಲಕರ್ಮಿ, ಪಿ.ಕೆ. ಸೇಠಿ ಎಂಬ ಮೂಳೆ ಡಾಕ್ಟರು ಸೇರಿ ಮಾಡಿದ್ದು. ವಿಲಾಯತಿ ಕಾಲಿಗೆ ಬೂಟು ಬೇಕೇ ಬೇಕು. ಬೂಟು ಹಾಕಿಕೊಂಡು ಗದ್ದೆಗೆ ಇಳಿಯೋದು ಹೇಗೆ, ದೇವಸ್ಥಾನಕ್ಕೆ ಹೋಗೋದು ಹೇಗೆ? ಹಾಗಾಗಿ ರಬ್ಬರಿನ ಪಾದ ಮಾಡಿದರು. ಬರಿಗಾಲಲ್ಲಿ ನಡೆಯಬಹುದು, ಚಕ್ಕಳಮಕ್ಕಳ ಹಾಕಿ ಕೂರಬಹುದು, ಕುಕ್ಕರಗಾಲಲ್ಲೂ ಕೂರಬಹುದು.

ಅಕ್ಕನನ್ನು ನಮ್ಮ ಜೀಪಿನಲ್ಲಿ ಕರೆದುಕೊಂಡು ಹೋದೆ. ಜೈಪುರದ ಹುಡುಗರಿಗೆ ತಮಿಳು ಬಾರದು, ಅಲ್ಲಿ ಬಂದವರಿಗೆ ಹಿಂದಿ ಬಾರದು. ನಡುವೆ ಕನ್ನಡದವನು ನಿಂತು ಎರಡೂ ಮಾತಾಡಿದೆ. ಕೆಲಸ ಬೇಗ ಬೇಗ ಆಗುತ್ತಿತ್ತು. ತುಂಡಾಗಿ ಉಳಿದ ಕಾಲಿನ ಭಾಗಕ್ಕೆ ಪ್ಲಾಸ್ಟರ್ ಸುತ್ತಿ ಅಚ್ಚು ತೆಗೆಯುತ್ತಾರೆ. ಅಚ್ಚಿನ ಮೇಲೆ ಬಿಸಿ ಮಾಡಿದ ಪ್ಲಾಸ್ಟಿಕ್ ಪೈಪ್ ಎಳೆದು ಕೂರಿಸುತ್ತಾರೆ. ಹೊಲಕ್ಕೆ ನೀರು ಹಾಯಿಸುವ ಪೈಪ್ ಇರುತ್ತದಲ್ಲ, ಅದೇ ಜಾತಿಯದ್ದು. ಕೆಳಗೆ ಪಾದ, ಮೇಲೆ ಪಟ್ಟಿ. ಬೆಳಿಗ್ಗೆ ತೆವಳಿ ಬಂದವರು ಸಂಜೆ ಕಂಬಿ ಹಿಡಿದು ನಡೆಯುತ್ತಿದ್ದರು. ನೋಡುತ್ತಾ ನಾನು ಎಲ್ಲೋ ನೋಡುವವನಂತೆ ಮುಖ ತಿರುಗಿಸಿಕೊಂಡೆ.

ಅಕ್ಕನ ಸರದಿ ಬಂತು. ಹುಡುಗ ಬಟ್ಟೆ ಬಿಚ್ಚಿ ನೋಡಿ ತಲೆ ಆಡಿಸಿದ. ತುದಿಯಲ್ಲಿ ಗಾಯ ಪೂರ್ತಿ ಮಾಗಿರಲಿಲ್ಲ, ಒಳಗೆ ಮೂಳೆ ಚುಚ್ಚುತ್ತಿತ್ತು. ಈಗ ಕಾಲು ಹಾಕಿದರೆ ಕೀವಾಗುತ್ತದೆ. ಮೊದಲು ಸಣ್ಣ ಆಪರೇಷನ್ ಆಗಬೇಕು, ಮಾಗಬೇಕು, ಆಮೇಲೆ ಬರಲಿ ಅಂದ.

"ಆಮೇಲೆ ಅಂದರೆ ಎಷ್ಟು ದಿನ?" ಕೇಳಿದೆ.

"ಎರಡು ಮೂರು ತಿಂಗಳು."

ಶಿಬಿರ ಆ ತಿಂಗಳಿಗೇ ಮುಗಿಯುವುದಿತ್ತು. ಹುಡುಗನ ತಪ್ಪಲ್ಲ. ಅವನು ಹೇಳಿದ್ದೂ ಸರಿ. ಎಲ್ಲರೂ ಸರಿಯಾಗಿದ್ದರು, ಸುಬೇದಾರ್ ಸಾಬ್ ಕೂಡ. ನನಗೆ ಮತ್ತೆ ಆ ಬಾವಿ ನೆನಪಾಯಿತು.

ಮೈನು ತೆಗೆಯುವುದಕ್ಕೆ ಒಂದು ಕೊನೆ ಇದೆ. ನೆಲ ಮುಗಿಯುತ್ತದೆ, ಸರ್ಟಿಫಿಕೇಟ್ ಬರುತ್ತದೆ. ಕಾಲಿಗೆ ಹಾಗಿಲ್ಲ. ಜೈಪುರ ಕಾಲು ಕೂಡ ಕೆಲವು ವರ್ಷಕ್ಕೊಮ್ಮೆ ಬದಲಾಗಬೇಕು, ಗದ್ದೆ ಕೆಲಸದವರಿಗೆ ಇನ್ನೂ ಬೇಗ. ಮಕ್ಕಳಾದರೆ ಬೆಳೆದಂತೆಲ್ಲ ಬದಲಿಸಬೇಕು. ಇದಕ್ಕೆಲ್ಲ ಬಜೆಟ್ಟಿನಲ್ಲಿ "ಹಂತ" ಅಂತ ಬರೆಯೋದು ಹೇಗೆ? ದುಡ್ಡು ಕೊಡುವ ದೇಶಗಳಿಗೆ ನೆಲ ಇಷ್ಟವಾಗುವುದು ಅದಕ್ಕೇ ಅಂತ ನನ್ನ ಅನುಮಾನ. ಎ9 ರಸ್ತೆಯ ಉದ್ದಕ್ಕೂ ಹಲಗೆಗಳಿದ್ದವು. ಒಂದರ ಮೇಲೆ ಜಪಾನ್ ಬಾವುಟ, ಇನ್ನೊಂದರ ಮೇಲೆ ಅಮೆರಿಕ, ಮತ್ತೊಂದರ ಮೇಲೆ ಬ್ರಿಟನ್. ನಮ್ಮ ಹಲಗೆಯ ಮೇಲೆ ತ್ರಿವರ್ಣ. ಹೊಲಕ್ಕೆ ಹಲಗೆ ನೆಡಬಹುದು. ಕಾಲಿಗೆ ಎಲ್ಲಿ ನೆಡುತ್ತೀರಿ?

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಮುಚ್ಚಿಡುವುದೇಕೆ. ನೆಲಬಾಂಬ್ ನಿಷೇಧದ ಅಂತಾರಾಷ್ಟ್ರೀಯ ಒಪ್ಪಂದ 1997ರದ್ದು. ಶ್ರೀಲಂಕಾ 2017ರ ಡಿಸೆಂಬರ್‌ನಲ್ಲಿ ಅದಕ್ಕೆ ಸೇರಿತು. ಭಾರತ ಸೇರಿಲ್ಲ. ಅಮೆರಿಕವೂ ಇಲ್ಲ. ಇನ್ನೊಬ್ಬರ ಹೊಲದಲ್ಲಿ ತೆಗೆಸಲು ದುಡ್ಡು ಕೊಡುತ್ತೇವೆ, ನಮ್ಮ ಗಡಿಯಲ್ಲಿ ಹೂಳುವ ಹಕ್ಕು ಇಟ್ಟುಕೊಂಡಿದ್ದೇವೆ. ಸೈನಿಕನಾಗಿ ನನಗೆ ಇದರ ಲೆಕ್ಕ ಗೊತ್ತು. ಅಷ್ಟುದ್ದ ಗಡಿ, ಆ ಕಡೆ ಅಂಥ ನೆರೆಯವರು. ಆದರೆ ಜೈಪುರದ ಹುಡುಗ ಅಕ್ಕನ ಕಾಲಿನ ಬಟ್ಟೆ ಮತ್ತೆ ಕಟ್ಟುವಾಗ ಆ ಲೆಕ್ಕವೆಲ್ಲ ನನಗೆ ಹೊಳೆಯಲಿಲ್ಲ. ರಾಜಸ್ಥಾನದ ಸಾಸಿವೆ ಹೊಲ ಹೊಳೆಯಿತು.

ಅಕ್ಕನಿಗೆ ಕಾಲು ಸಿಕ್ಕಿತು, ಬೇರೆ ದಾರಿಯಲ್ಲಿ. ಜಾಫ್ನಾದಲ್ಲಿ ಜೈಪುರ ಕಾಲು ಮಾಡುವ ಒಂದು ಕೇಂದ್ರ ಯುದ್ಧದ ಕಾಲದಿಂದಲೂ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮಾಗಲು ನಾಲ್ಕು ತಿಂಗಳು. ಬಸ್ಸಿನ ಖರ್ಚಿಗೆ ನಾವೆಲ್ಲ ಸೇರಿ ದುಡ್ಡು ಹಾಕಿದೆವು, ಅದು ಯಾವ ದೇಶದ ನೆರವಿನಲ್ಲೂ ಬರುವುದಿಲ್ಲ. ಕಾಲು ಹಾಕಿಕೊಂಡು ಬಂದ ದಿನ ಅಕ್ಕ ಮೊದಲು ಮಾಡಿದ ಕೆಲಸ ನಾವು ಎತ್ತರ ಮಾಡಿದ್ದ ಒಲೆಯ ಕಲ್ಲು ಕೀಳಿಸಿದ್ದು. ಒಲೆ ನೆಲಕ್ಕೆ ಬಂತು. ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, "ಈಗ ಅಡುಗೆ ರುಚಿಯಾಗುತ್ತೆ ನೋಡಿ" ಅಂದರು. ರುಚಿಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಖಾರ ಮೊದಲಿನಷ್ಟೇ.

ನಮ್ಮ ತಂಡದ ದುಡ್ಡು ಮುಗಿದಾಗ ನಾನು ಊರಿಗೆ ಬಂದೆ. ಈಗ ತೋಟ, ಮೊಮ್ಮಗಳು, ಬಿಪಿ ಮಾತ್ರೆ. ಅಕ್ಕ ವರ್ಷಕ್ಕೊಮ್ಮೆಯಾದರೂ ಫೋನ್ ಮಾಡುತ್ತಾರೆ. ಮುದುಕರು ತೀರಿಕೊಂಡರಂತೆ. ಮಗ ಬಾವಿಗೆ ಮೋಟಾರ್ ಇಟ್ಟು ಈರುಳ್ಳಿ, ಮೆಣಸಿನಕಾಯಿ ಹಾಕಿದ್ದಾನಂತೆ. ಕಳೆದ ಸಲ ಕೇಳಿದೆ, ನಮ್ಮ ಹಲಗೆ ಇನ್ನೂ ಇದೆಯಾ ಅಂತ.

"ಕೋಳಿಗೂಡಿನ ಮೇಲೆ ಹೊದಿಸಿದ್ದಾರೆ" ಅಂದರು. "ಒಳ್ಳೇ ತಗಡು. ಮಳೆ ಸೋರಲ್ಲ."

"ಕಾಲು ಹೇಗಿದೆ?"

"ಹಿಮ್ಮಡಿ ಹತ್ತಿರ ರಬ್ಬರು ಸೀಳಿದೆ. ಸೈಕಲ್ ಟ್ಯೂಬು ಕಟ್ಟಿಕೊಂಡಿದ್ದೇನೆ. ಪೊಂಗಲ್ ಆಗಲಿ, ಜಾಫ್ನಾಕ್ಕೆ ಹೋಗಿ ಬರ್ತೇನೆ."